ಕೊಂಬು ಮುರಿದ ಔ

ಮೂವತ್ತೆರಡು ವರ್ಷ ಸೀಸದ ಮೊಳಿ ಮುಟ್ಟಿದ ಕೈ ಇವು.
ಸಂಜಿಗೆ ಪ್ರೆಸ್ಸಿನ ನಳದ ಕೆಳಗ ಮೂರು ಸರ್ತಿ ಸೋಪು,
ಮಾಲಕ ಕೊಟ್ಟ ಬೆಲ್ಲದ ಹೆಂಟಿ ಬಾಯಿಗೆ,
ಮನಿ ಹೊಸ್ತಿಲ ದಾಟೂಕಿಂತ ಮೊದಲ
ಅಂಗಿ ಬಿಚ್ಚಿ ಹಿತ್ತಲ ಗೂಟಕ್ಕ.
ಸೀಸ ಭಾಳ ಸಾವಕಾಶದ್ದಪಾ, ಅಂತಿದ್ದರು ಗದಗಿನ ಹಳೇ ಕಂಪೋಜಿಟರು,
ಉಗುರಿನ ಸಂದ್ಯಾಗ ಕುಂತು ಊಟಕ್ಕ ಬರತೈತಿ.

ಅದಕ್ಕ, ಹುಬ್ಬಳ್ಳಿ ದವಾಖಾನ್ಯಾಗ
ಸಣ್ಣ ವಯಸ್ಸಿನ ಡಾಕ್ಟರಮ್ಮ ಕಲ್ಲವ್ವನ ತುಟಿ ಎತ್ತಿ
ವಸಡಿನ ಅಂಚಿನ ನೀಲಿ ಗೆರಿ ತೋರಿಸಿ
"ಮನ್ಯಾಗ ಯಾರರೆ ಸೀಸದ ಕೆಲಸ ಮಾಡ್ತಾರೇನು?" ಅಂದಾಗ
ಮಗಳು ನನ್ನ ಕಡೆ ನೋಡಿದಳು.
ನಾ ನನ್ನ ಕೈ ನೋಡಿಕೊಂಡೆ.

ಪ್ರೆಸ್ಸು ಮುಚ್ಚಿ ಹದಿನಾಕು ವರ್ಷ ಆತ್ರಿ, ಅಂದೆ.
ಕಳ್ಳ ಮಾತಾಡಿದಂಗ ಕೇಳಿತು ನನಗ.
ಆ ರಾತ್ರಿ ವಾರ್ಡಿನ ಹೊರಗ ಬಾಕಿನ ಮ್ಯಾಲೆ ಕುಂತು ಲೆಕ್ಕ ಹಾಕಿದೆ:
ಎಂದರೆ ಒಳಗ ತಂದಿದ್ನೇನು ಅಂಗಿ?
ಮಳಿ ಬಂದಾಗ? ಜ್ವರ ಬಂದಾಗ?
ಅಕಿನ ಒಗೀತಿದ್ದಳಲ್ಲ ಅದನ್ನ, ಬರೇ ಕೈಲೆ, ಕಲ್ಲಿಗೆ ಬಡದು.

ಅಕಿ ಬಲಗೈ ಈಗ
ಬಾಡಿದ ಮೆಂತೆ ಸಿವುಡಿನಂಗ ಮಣಿಕಟ್ಟಿನಾಗ ಜೋತು ಬಿದ್ದಿತ್ತು.
ರೊಟ್ಟಿ ಬಡಿಯೂ ಕೈ.
ಟ್ರೆಡಲ್ಲಿಗಿಂತ ನೇಮಿನದು ಅದರ ಸಪ್ಪಳ,
ಬಾಜೂ ಮನಿಯವರು ಅದನ್ನ ಕೇಳಿ ಸಾಲಿಗೆ ಹುಡುಗರನ್ನ ಎಬ್ಬಸ್ತಿದ್ದರು.
ಮೊದಲ ಹೊಟ್ಟಿ ಹಿಂಡಿತು. ಆಮ್ಯಾಲೆ ಊಟ ಬ್ಯಾಡಾತು.
ಆಮ್ಯಾಲೆ ಒಂದು ಮುಂಜಾನೆ ರೊಟ್ಟಿ
ಹಂಚಿನ ಮ್ಯಾಲೆ ಬೀಳಲಿಲ್ಲ, ಒಲಿ ಮುಂದ ಮಡಚಿ ಬಿತ್ತು.

ಮೂರನೇ ದಿನ ಮಗಳು ಮನಿ ಮಾಡದಾಗಿನ ಡಬ್ಬಿ ತಂದಳು.
ಮೊಣಕಾಲ ಬ್ಯಾನಿಗಂತ ರಸ್ತೆ ಬಾಜೂದ ಡೇರೆದ ಪಂಡಿತ ಕೊಟ್ಟದ್ದು.
ಕೆಂಪು ಪುಡಿ, ಕುಂಕುಮಕ್ಕಿಂತ ಚೂರು ಹಳದಿ.
ಬರೇ ಹೊಟ್ಟಿಗೆ, ಜೇನಿನ್ಯಾಗ, ಕಡ್ಲಿಕಾಳಿನಷ್ಟು, ಹತ್ತು ತಿಂಗಳು.
ಬ್ಯಾನಿ ಕಡಿಮಿ ಆಗಿತ್ತು. ಅದು ಸುಳ್ಳಲ್ಲ.
ನನ್ನೆದುರಿಗೆ ಎರಡು ಸರ್ತಿ ಮಾಳಗಿ ಹತ್ತಿ ಇಳದು ತೋರಿಸಿದ್ದಳು,
ಮದುವಿಯಾದ ಹೊಸತಿನ್ಯಾಗ ನಕ್ಕಂಗ ನಕ್ಕಿದ್ದಳು.

ಡಬ್ಬಿ ಪರೀಕ್ಷಾಕ್ಕ ಹೋತು. ಕಾಗದ ಬಂತು.
ಸೀಸ. ಮತ್ತ ಅರದು ಕೂಡಿಸಿದ ಯಾವುದೋ ಇಂಗ್ಲಿಷ್ ಗುಳಿಗಿ,
ಬ್ಯಾನಿ ಇಳಿಸಿದ್ದು ಅದಂತ.
"ನಿಮ್ಮ ಕೈಯಿಂದ ಬಂದದ್ದಲ್ಲ ಅಜ್ಜಾರ," ಅಂದಳು ಡಾಕ್ಟರಮ್ಮ.
ಎದಿ ಹಗುರಾಗಿ, ಡಬ್ಬಿಗೆ ಸುತ್ತಿದ್ದ ಹಳದಿ ಕಾಗದ ಬಿಚ್ಚಿದೆ.

'ಗಿಡಮೂಲಿಕೆಗಳ ಶುದ್ಧ ಒಷಧ.
ತಾಯಿಯ ಹಾಲಿನಷ್ಟು ನಿರುಪದ್ರವಿ.'

ಒಷಧ ಅಲ್ಲ, ಔಷಧ.
ನಮ್ಮ ಕೇಸಿನ್ಯಾಗ ಆ ಅಳತಿಯ ಔ ಒಂದ ಇತ್ತು,
ಕೈಜಾರಿ ಬಿದ್ದು ಕೊಂಬು ಮುರದದ್ದು.
ಇರಲಿ ಬಿಡೋ, ಯಾರು ನೋಡತಾರ, ಅಂದಿದ್ದ ಮಾಲಕ ಶಿವಪುತ್ರಪ್ಪ.
ಪಂಡಿತನ ಅಪ್ಪ ಹತ್ತು ಸಾವಿರ ಹಾಕಿಸಿದ್ದ. ಇನ್ನೂ ಮುಗದಿಲ್ಲ.
ಕಂಪೋಜಿಟರ್ ಅಕ್ಷರ ನೋಡತಾನ, ಮಾತು ನೋಡೂದಿಲ್ಲ.
ತಾ, ಯಿ, ಯ, ಹಾ, ಲಿ
ಒಂದೊಂದ ಹೆಕ್ಕಿ ಸ್ಟಿಕ್ಕಿನ್ಯಾಗ ಇಟ್ಟಾವ ನಾ.

ಕಾಗದ ಕಿಸೆದಾಗ ಇಟಗೊಂಡು ಡೇರೆಕ್ಕ ಹೋದೆ.
ಪಾಳಿ ಇತ್ತು. ಏಳೆಂಟು ಮಂದಿ,
ಒಬ್ಬಾಕಿ ಬಗಲಾಗ ಕೂಸು.
ಹೇಳಿದೆ. ಹೆಸರು ಹೇಳಿದೆ, ವಸಡು, ಕೈ, ಎಲ್ಲಾ.
"ನಿಮಗ ಆಗಿಬಂದಿಲ್ಲ ಬಿಡ್ರಿ," ಅಂದಳು ಆಕಿ, "ನಮ್ಮತ್ತಿ ಓಡ್ಯಾಡತಾಳ."
ಪಾಳಿ ಒಂದು ಹೆಜ್ಜಿ ಮುಂದ ಸರೀತು.
ನಾ ಬಾಜೂಕ್ಕ ನಿಂತಿದ್ದೆ, ಬಿಸಲಾಗ,
ನಾ ಜೋಡಿಸಿದ ಸಾಲು ಕೈಯಾಗ ಹಿಡಕೊಂಡು.
ನಾಳೆ ಮತ್ತ ಹೋಗಾಂವ.

ಕಲ್ಲವ್ವ ಎಡಗೈಲೆ ಬಡೀತಾಳ ಈಗ.
ಬಲಗೈ ಹಿಟ್ಟಿನ ಬಾಜೂಕ ಸುಮ್ಮನ ಮಲಗಿರತೈತಿ.
ನಿನ್ನೆ ಬಾಜೂ ಮನಿಯಾಕಿ ಗ್ವಾಡಿ ಆಚೆಯಿಂದ ಕೂಗಿ ಕೇಳಿದಳು:
ಅಡಗಿಗೆ ಯಾರು ಬಂದಾರ್ರಿ, ಹೊಸಬರು?